ತಾನಾಗಿಯೇ ನಿಲ್ಲುತ್ತಿದ್ದ ಕಾರು

ಬಸವನಗುಡಿಯಲ್ಲಿ ಚಾಲಕನಿಲ್ಲದ ಕಾರನ್ನು ಮೊಟ್ಟಮೊದಲು ಓಡಿಸಿದವನು ನಾನು. ನಗಬೇಡಿ, ಪೂರ್ತಿ ಓದಿ. ಬಿಳಿ ಬಣ್ಣದ ಪುಟ್ಟ ಹಳೆಯ ಕಾರು. ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಹಳದಿ ಬೋರ್ಡು, ಎರಡು ಸಲ ಎಳೆದರೆ ಮಾತ್ರ ಮುಚ್ಚಿಕೊಳ್ಳುವ ಎಡಗಡೆ ಬಾಗಿಲು. ಅದರಲ್ಲಿ ಕ್ಯಾಮೆರಾ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಎಡಗಡೆ ಸೀಟಿನ ಮುಂದೆ ಎರಡು ಹೆಚ್ಚುವರಿ ಪೆಡಲ್ ಇದ್ದವು, ಒಂದು ಕ್ಲಚ್, ಒಂದು ಬ್ರೇಕ್. ಅವುಗಳ ಮೇಲೆ ನನ್ನ ಕಾಲಿತ್ತು. ತಂತ್ರಜ್ಞಾನ ಅಂದರೆ ಅಷ್ಟೇ.

ನಾನು ಮೊಬೈಲಿನಲ್ಲಿ ಬರೆದು ಹಾಕುವ ಕಥೆಗಳನ್ನು ಓದುವವರಿಗೆ ಇದು ಗೊತ್ತಿದೆ. ಮಂಡಿ ಸವೆದುಹೋಗಿ ಐವತ್ತಮೂರಕ್ಕೇ ಕೆಲಸ ಬಿಟ್ಟ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ನಾನು, ಹೆಸರು ಪ್ರಕಾಶ. ಮೊನ್ನೆ ಪವಿತ್ರ ಎಂಬ ಹುಡುಗಿ ಮೆಸೇಜ್ ಮಾಡಿದ್ದಳು. ಮಲ್ಲೇಶ್ವರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸಕ್ಕೆ ಈಗಷ್ಟೇ ಸೇರಿದ್ದಾಳೆ. "ಸಾರ್, ಡ್ರೈವರ್ ಇಲ್ದಿರೋ ಕಾರ್ ಬಂದ್ಬಿಟ್ರೆ ನಮ್ಮ ಗತಿ ಏನು? ಈಗ್ಲೇ ಬೇರೆ ಕೆಲಸ ನೋಡ್ಕೊಳ್ಳಾ?" ಎಂದು ಕೇಳಿದ್ದಳು. ಉದ್ದದ ಉತ್ತರ ಕೊಡಬೇಕಾಗಿದೆ ಕಣಮ್ಮ, ಕೂತುಕೋ. ಇದರಲ್ಲಿ ನನ್ನದೊಂದು ತಪ್ಪಿದೆ. ಅದನ್ನು ಹೇಳದೆ ಉತ್ತರ ಹೇಳಲಾಗುವುದಿಲ್ಲ.

ಮೊದಲು ನಮ್ಮ ಯಜಮಾನರ ವಿಷಯ. ಶಿವಲಿಂಗಪ್ಪ ಅಂತ. ಅವರ ಮನೆಯವರಿಗೆ ಪೇಟೆಯಲ್ಲಿ ಮೂರು ತಲೆಮಾರಿನ ಹಗ್ಗ, ಗೋಣಿಚೀಲದ ಅಂಗಡಿ. ಇವರೊಬ್ಬರು ಅಂಗಡಿಯಿಂದ ಹೊರಗೆ ಬಿದ್ದು ಚಾಮರಾಜಪೇಟೆಯಲ್ಲಿ ಡ್ರೈವಿಂಗ್ ಸ್ಕೂಲ್ ತೆರೆದವರು. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಕೊಡೆ, ಬಾಯಲ್ಲಿ ಬೈಗುಳ. ನಾನು ಕೆಲಸ ಕೇಳಿಕೊಂಡು ಹೋದ ದಿನ ಅವರು ನನ್ನ ಲೈಸೆನ್ಸ್ ಕೂಡ ನೋಡಲಿಲ್ಲ.

"ಕಾರ್ ಓಡ್ಸೋಕ್ ಬರುತ್ತಾ?"

"ಬರುತ್ತೆ ಸಾರ್. ಐದು ವರ್ಷ ಟ್ಯಾಕ್ಸಿ ಓಡ್ಸಿದೀನಿ."

"ರಸ್ತೆ ದಾಟೋಕ್ ಬರುತ್ತಾ?"

ಹೀಗೂ ಒಂದು ಪ್ರಶ್ನೆಯಾ ಎಂದುಕೊಂಡೆ. ಅವರು ಕೊಡೆ ತೆಗೆದುಕೊಂಡು ಎದ್ದರು. ನಡೆಸಿಕೊಂಡೇ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಹನ್ನೊಂದರ ಹೊತ್ತು. ಕೆ.ಆರ್. ಮಾರ್ಕೆಟ್ಟಿನ ಎದುರು, ಬಸ್ಸುಗಳು ಒಂದರ ಬಾಲಕ್ಕೆ ಒಂದು ಮೂತಿ ಇಟ್ಟು ತಿರುಗುವ ಜಾಗದಲ್ಲಿ ನನ್ನನ್ನು ನಿಲ್ಲಿಸಿ, ತಾವು ಒಂದು ಬಾಳೆಮಂಡಿಯ ನೆರಳಿನಲ್ಲಿ ಕೂತರು. ಒಂದು ಗಂಟೆ ನಿಂತಿದ್ದೆ. ತಲೆಯ ಮೇಲೆ ಮೂಟೆ ಹೊತ್ತವರು "ಸೈಡು ಸೈಡು" ಎನ್ನುತ್ತ ನನ್ನನ್ನು ತಳ್ಳಿಕೊಂಡು ಹೋದರು. ಸೇವಂತಿಗೆ ಬುಟ್ಟಿಯ ಮುದುಕಿಯೊಬ್ಬಳು ಬಂದಳು. ಬಸ್ಸಿನ ಕಡೆ ತಿರುಗಿಯೂ ನೋಡದೆ, ಮೊಣಕೈ ಮಡಿಚಿ ಅಂಗೈಯನ್ನು ಸ್ವಲ್ಪ ಎತ್ತಿ, ಸೀದಾ ರಸ್ತೆಗೆ ಇಳಿದಳು. ಬಸ್ಸು ನಿಂತಿತು. ಅವಳು ದಾಟಿದಳು.

ಯಜಮಾನರು ಎದ್ದು ಬಂದರು. "ಏನ್ ನೋಡ್ದೆ?"

"ಅಜ್ಜಿ ಕೈ ತೋರ್ಸಿದ್ರು, ಬಸ್ ನಿಲ್ತು."

"ಬಸ್ಸಿಗೇನ್ ಕಣ್ಣಿದೆಯಾ? ಮೇಲೆ ಕೂತಿದ್ದ ಒಬ್ಬ ಮನುಷ್ಯ ಆ ಅಜ್ಜಿ ಕೈ ನೋಡ್ದ, ನೋಡಿ ಕಾಲ್ ಒತ್ತಿದ. ಆ ಕೈಗೂ ಈ ಕಾಲಿಗೂ ಏನೋ ಮಾತಾಯ್ತಲ್ಲ, ಅದನ್ನ ಕಲಿಸ್ಬೇಕು ನೀನು. ಗೇರ್ ಹಾಕೋದು ಯಾವ ಕೋತಿಗಾದ್ರೂ ಬರುತ್ತೆ. ನಾಳೆಯಿಂದ ಬಾ."

ಅಂದಿನಿಂದ ನಮ್ಮ ಸ್ಕೂಲಿನಲ್ಲಿ ಮೊದಲ ಪಾಠ ಕಾರಿನಲ್ಲಿ ಅಲ್ಲ, ಮಾರ್ಕೆಟ್ಟಿನಲ್ಲಿ, ನಡೆದುಕೊಂಡು. ಎಷ್ಟೋ ಜನ ಬೈದುಕೊಂಡು ಬೇರೆ ಸ್ಕೂಲಿಗೆ ಹೋದರು. ಯಜಮಾನರು ಬದಲಾಯಿಸಲಿಲ್ಲ.

ಇನ್ನು ಕಾಲಿನ ವಿಷಯ. ಪವಿತ್ರ, ನಿನಗೆ ಈಗಾಗಲೇ ಶುರುವಾಗಿರಬೇಕು ಇದು. ಮೊದಲ ವಾರ ಎಡಗಡೆ ಸೀಟಿನಲ್ಲಿ ಕೂತಾಗ ಬೇಕೆಂದೇ ಬ್ರೇಕ್ ಒತ್ತುತ್ತೀವಿ. ಆಮೇಲೆ ಕಾಲು ತಾನೇ ಒತ್ತುತ್ತದೆ. ಕಲಿಯುವವರ ಕಣ್ಣು ಎಲ್ಲಿದೆ, ಭುಜ ಎಷ್ಟು ಗಟ್ಟಿಯಾಗಿದೆ ಎಂದು ನೋಡಿಯೇ ಅದಕ್ಕೆ ಗೊತ್ತಾಗಿಬಿಡುತ್ತದೆ. ನನ್ನ ಕಾಲು ಯಾವ ಮಟ್ಟಕ್ಕೆ ಹೋಗಿತ್ತೆಂದರೆ, ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ಮನೆಯಲ್ಲಿ ಟಿ.ವಿ. ನೋಡುವಾಗಲೂ ಒತ್ತುತ್ತಿತ್ತು. ನನ್ನ ಹೆಂಡತಿ ಸುಮಾ ಸಾರಿಗೆ ಒಗ್ಗರಣೆ ಹಾಕುತ್ತ ಹೇಳುತ್ತಿದ್ದಳು, "ನೆಲ ಎಲ್ಲೂ ಓಡಿಹೋಗ್ತಿಲ್ಲ, ಬಿಟ್ಬಿಡಿ ಪಾಪ."

ಹೊಗಳಿಕೊಳ್ಳುವುದಾದರೆ, ಆ ಕಾಲು ಎಷ್ಟೋ ಜೀವ ಉಳಿಸಿದೆ. ಗಾಂಧಿ ಬಜಾರಿನಲ್ಲಿ ಹೂವಿನಂಗಡಿಗೆ ನುಗ್ಗಲಿದ್ದ ರಿಟೈರ್ಡ್ ಪೋಸ್ಟ್‌ಮಾಸ್ಟರ್, ಬುಲ್ ಟೆಂಪಲ್ ರಸ್ತೆಯಲ್ಲಿ ಎಮ್ಮೆಗೆ ಹಾರ್ನ್ ಹೊಡೆಯುವ ಬದಲು ವೈಪರ್ ಹಾಕಿದ ಡಾಕ್ಟರಮ್ಮ, ಎಲ್ಲರನ್ನೂ ಅದೇ ಕಾಯ್ದದ್ದು. ಆದರೆ ಅದೇ ಕಾಲಿನಿಂದ ಒಂದು ಕೆಟ್ಟ ಪದ್ಧತಿಯೂ ಹುಟ್ಟಿತು.

ಆಗೆಲ್ಲ ಲೈಸೆನ್ಸ್ ಟೆಸ್ಟಿಗೆ ನಮ್ಮ ಸ್ಕೂಲಿನ ಕಾರೇ ಹೋಗುತ್ತಿತ್ತು. ಕಲಿತವರು ಸ್ಟೀರಿಂಗಿನಲ್ಲಿ, ನಾನು ಪಕ್ಕದಲ್ಲಿ, ಇನ್ಸ್‌ಪೆಕ್ಟರ್ ಹಿಂದಿನ ಸೀಟಿನಲ್ಲಿ ಫೈಲು ಹಿಡಿದುಕೊಂಡು. ಹಿಂದೆ ಕೂತವರಿಗೆ ನನ್ನ ಪಾದ ಕಾಣುವುದಿಲ್ಲ. ಕಲಿತವರು ತಡವರಿಸಿದರೆ ನಾವು ಮೇಷ್ಟ್ರುಗಳು ಮೆಲ್ಲಗೆ ಒತ್ತಿಬಿಡುತ್ತಿದ್ದೆವು. ಇದಕ್ಕೆ ನಮ್ಮ ನಡುವೆ 'ಕಾಲು ಕೊಡುವುದು' ಎಂಬ ಹೆಸರಿತ್ತು. "ಇವತ್ತು ಇಬ್ಬರಿಗೆ ಕಾಲ್ ಕೊಟ್ಟೆ" ಎಂದು ಟೀ ಅಂಗಡಿಯಲ್ಲಿ ಹೇಳಿಕೊಂಡು ನಗುತ್ತಿದ್ದೆವು. ಲಂಚ ಅಲ್ಲ, ಮೋಸ ಅಲ್ಲ, ಉಪಕಾರ ಎಂದೇ ನಾನು ತಿಳಿದಿದ್ದೆ. ಯಜಮಾನರಿಗೆ ಮಾತ್ರ ಇದು ಗೊತ್ತಿರಲಿಲ್ಲ.

ಹೀಗಿರುವಾಗ ಗಿರಿಜಮ್ಮ ಬಂದರು.

ವಿ.ವಿ. ಪುರಂನವರು. ನಲವತ್ತರ ಹತ್ತಿರದ ವಯಸ್ಸು. ಮನೆಯಲ್ಲಿ ಒಬ್ಬಟ್ಟು, ಚಕ್ಕುಲಿ, ಕೋಡುಬಳೆ ಮಾಡಿ ಮದುವೆ ಮನೆಗಳಿಗೆ ಕಳಿಸುತ್ತಿದ್ದರು. ಕೆಲಸಕ್ಕೆ ಇಬ್ಬರು ಹೆಂಗಸರು, ಸಾಗಿಸಲು ಒಂದು ಹಳೆಯ ವ್ಯಾನ್. ಅದನ್ನು ಓಡಿಸುತ್ತಿದ್ದವನು ಮದುವೆ ಸೀಸನ್ ಇನ್ನೇನು ಶುರು ಅನ್ನುವಾಗ ಹೇಳದೆ ಕೇಳದೆ ಬಿಟ್ಟುಹೋದ. ಬೇರೊಬ್ಬ ಸಿಗಲಿಲ್ಲ. ನಾನೇ ಓಡಿಸುತ್ತೇನೆ ಎಂದು ಈಕೆ ಹಟ ಹಿಡಿದರು. ಗಂಡ ಮಂಜುನಾಥ್ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು, ಕೆಟ್ಟವರೇನಲ್ಲ, ಹೆದರುಪುಕ್ಕಲು. ಮೊದಲ ದಿನ ಜೊತೆಗೆ ಬಂದು, "ಸಾರ್, ಇವಳು ಸೈಕಲ್ ಮೇಲೇ ಬಿದ್ದವಳು. ನೀವೇ ಒಂದು ಮಾತು ಹೇಳಿ, ಆಗಲ್ಲ ಅಂತ" ಎಂದು ನನ್ನ ಕಿವಿಯಲ್ಲಿ ಉಸುರಿದರು. ಗಿರಿಜಮ್ಮನಿಗೆ ಕೇಳಿಸಿತು. "ಸೈಕಲ್ ಮೇಲೆ ಬೀಳ್ಸಿದ್ದು ಯಾರು ಅಂತಾನೂ ಹೇಳ್ರಿ" ಎಂದರು.

ಮಾರ್ಕೆಟ್ ಪಾಠದಲ್ಲಿ ಅವರು ನನಗಿಂತ ಜಾಣೆ. ಹದಿನೈದು ವರ್ಷ ಅಲ್ಲೇ ಬೆಲ್ಲ, ತೆಂಗಿನಕಾಯಿ ಕೊಂಡವರು. ಆದರೆ ಕಾರಿನಲ್ಲಿ ಒಂದು ತೊಂದರೆ ಇತ್ತು. ಇಳಿಜಾರು ಬಂದರೆ ಅವರ ಕಾಲು ಹೆಪ್ಪುಗಟ್ಟಿಬಿಡುತ್ತಿತ್ತು. ಬ್ರೇಕ್ ಬೇಕು ಎಂದು ಕಣ್ಣಿಗೆ ಗೊತ್ತಾಗುತ್ತಿತ್ತು, ಕಾಲಿಗೆ ಸುದ್ದಿ ಮುಟ್ಟುವುದು ತಡ. ಸರಿಯಾದ ಮೇಷ್ಟ್ರಾಗಿದ್ದರೆ ಇಪ್ಪತ್ತು ಸಲ ಅದೇ ಇಳಿಜಾರಿಗೆ ಕರೆದೊಯ್ದು ಕಾಲನ್ನು ಎಬ್ಬಿಸಬೇಕಿತ್ತು. ನನ್ನ ಕಾಲು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಅವರ ಕಾಲು ಅಲುಗುವ ಮುಂಚೆ ಇದು ಒತ್ತಿಯಾಗಿರುತ್ತಿತ್ತು. ಬಾಯಲ್ಲಿ ನಾನು "ಗುಡ್, ಗುಡ್" ಎನ್ನುತ್ತಿದ್ದೆ.

ಟೆಸ್ಟಿನಲ್ಲಿ ಎರಡು ಸಲ ಫೇಲಾದರು, ಎರಡು ಸಲವೂ ಇಳಿಜಾರಿನಲ್ಲೇ. ಆ ಎರಡು ದಿನ ಪಕ್ಕದಲ್ಲಿ ಕೂತಿದ್ದವರು ಯಜಮಾನರು. ಮೂರನೇ ಸಲದ ಬೆಳಿಗ್ಗೆ ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ ಹೇಳಿದರು, "ಸಾರ್, ಸೋಮವಾರದಿಂದ ನಾಲ್ಕು ಮದುವೆ ಆರ್ಡರ್ ಒಪ್ಕೊಂಡಿದೀನಿ. ಇವತ್ತೂ ಆಗ್ಲಿಲ್ಲ ಅಂದ್ರೆ ವ್ಯಾನ್ ಮಾರ್ಬಿಡ್ತಾರಂತೆ ನಮ್ಮನೆಯವ್ರು. ವ್ಯಾನ್ ಹೋದ್ರೆ ಕೆಲಸಾನೂ ಹೋಯ್ತು ಅನ್ಕೊಳ್ಳಿ."

ನಾನು ಕಾಲು ಕೊಟ್ಟೆ. ಇಳಿಜಾರಿನಲ್ಲಿ ಬ್ರೇಕ್ ನನ್ನದು, ಮತ್ತೆ ಏರಿಸುವಾಗ ಕ್ಲಚ್ ನನ್ನದು. ಇನ್ಸ್‌ಪೆಕ್ಟರ್ ಹಿಂದಿನಿಂದ, "ಈ ಸಲ ಚೆನ್ನಾಗ್ ನಿಲ್ಲಿಸಿದ್ರಮ್ಮ" ಎಂದರು. ಗಿರಿಜಮ್ಮನ ಕಣ್ಣು ತುಂಬಿಬಂತು. ಮರುದಿನ ನಮ್ಮ ಮನೆಗೆ ಡಬ್ಬಿ ತುಂಬ ಕಾಯಿ ಒಬ್ಬಟ್ಟು ಬಂತು. ತಿಂದೆ. ರುಚಿಯಾಗಿಯೇ ಇತ್ತು, ಏಕೆ ಸುಳ್ಳು ಹೇಳಲಿ.

ಮೂರು ವಾರ ಓಡಿಸಿದರು. ನಮ್ಮ ಕಡೆಯ ರಸ್ತೆಗಳು ಹೆಚ್ಚಾಗಿ ಸಪಾಟು, ಟ್ರಾಫಿಕ್ಕೂ ನಿಧಾನ, ಹೇಗೋ ನಡೆಯಿತು. ನಾಲ್ಕನೇ ವಾರ ಒಂದು ಗುರುವಾರ, ಹನುಮಂತನಗರದ ಕಡೆಯಿಂದ ಗವಿಪುರಕ್ಕೆ ಇಳಿಯುವಾಗ ಮುಂದಿನ ಆಟೋ ಥಟ್ಟನೆ ನಿಂತಿತು. ಬೇಕಾದಷ್ಟು ದೂರವಿತ್ತು. ಗಿರಿಜಮ್ಮ ಆಟೋವನ್ನು ನೋಡಿದರು. ಕಾಲು ಏಳಲಿಲ್ಲ. ಕೊನೆಯ ಗಳಿಗೆಯಲ್ಲಿ ಸ್ಟೀರಿಂಗ್ ಎಡಕ್ಕೆ ಎಳೆದರು. ವ್ಯಾನ್ ಹೋಗಿ ಎಳನೀರಿನ ತಳ್ಳುಗಾಡಿಗೆ ಗುದ್ದಿ ಕಾಂಪೌಂಡ್ ಗೋಡೆಗೆ ಆತುಕೊಂಡು ನಿಂತಿತು. ಎಳನೀರೆಲ್ಲ ಇಳಿಜಾರಿನಲ್ಲಿ ಉರುಳಿಕೊಂಡು ಹೋದವಂತೆ, ಜನ ಅವನ್ನು ಹಿಡಿಯಲು ಓಡಿದರಂತೆ. ಆ ಭಾಗ ಕೇಳಿದವರೆಲ್ಲ ನಗುತ್ತಾರೆ. ಗಾಡಿಯ ಮುನಿಯಪ್ಪನ ಎಡಗೈ ಮಣಿಕಟ್ಟು ಮುರಿದಿತ್ತು. ಆ ಭಾಗಕ್ಕೆ ಯಾರೂ ನಗುವುದಿಲ್ಲ.

ಸುದ್ದಿ ತಿಳಿದು ನಾನು ಅವರ ಮನೆಗೆ ಹೋದೆ. ಎರಡು ವಾರ ಕಳೆದಿತ್ತು. ಮನೆಯ ಮುಂದೆ ವ್ಯಾನಿಗೆ ಟಾರ್ಪಾಲು ಹೊದಿಸಿದ್ದರು. ಮಂಜುನಾಥ್ ಬಾಗಿಲಲ್ಲೇ ಹೇಳಿದರು, "ಶುಕ್ರವಾರ ಒಬ್ಬರು ಬಂದು ಗಾಡಿ ತಗೊಂಡ್ಹೋಗ್ತಾರೆ ಸಾರ್. ಇನ್ನು ಆ ಕೀ ಮುಟ್ಟಲ್ಲ ಅಂತ ದೇವರ ಮುಂದೆ ಹೇಳ್ಸಿದೀನಿ." ಒಳಗೆ ಗಿರಿಜಮ್ಮ ಮಣೆಯ ಮೇಲೆ ಕೂತು ಕಣಕ ನಾದುತ್ತಿದ್ದರು. ಪಕ್ಕದಲ್ಲಿ ಒಂದು ಊಟದ ಡಬ್ಬಿ ಕಟ್ಟಿಟ್ಟಿತ್ತು. ಮುನಿಯಪ್ಪನಿಗೆ, ದಿನವೂ ಎರಡು ಹೊತ್ತು ಕಳಿಸುತ್ತಿದ್ದರು.

ನನ್ನನ್ನು ನೋಡಿ ತಲೆ ತಗ್ಗಿಸಿದರು. "ನಿಮ್ಮ ಹೆಸರು ಕೆಡ್ಸಿಬಿಟ್ಟೆ ಸಾರ್. ನೀವು ಅಷ್ಟು ಚೆನ್ನಾಗಿ ಕಲಿಸಿದ್ರಿ. ನಂಗೇ ಅರ್ಥ ಆಗ್ತಿಲ್ಲ. ನಿಮ್ಮ ಕಾರಲ್ಲಿ ನಾನು ಅನ್ಕೊಳ್ಳೋ ಹೊತ್ತಿಗೆ ನಿಂತ್ಬಿಡ್ತಿತ್ತು. ಇದು ಯಾಕೆ ನಿಲ್ಲಲಿಲ್ಲ?"

ನಾನು ಕಾಫಿ ಕುಡಿದೆ. "ಹೊಸ ಗಾಡಿ ಅಭ್ಯಾಸ ಆಗ್ಬೇಕಮ್ಮ" ಎಂದೇನೋ ಗೊಣಗಿ ಎದ್ದು ಬಂದೆ. ಇಷ್ಟು ವರ್ಷದಲ್ಲಿ ನನಗೆ ಅತಿ ನಾಚಿಕೆಯಾಗುವುದು ಕಾಲು ಕೊಟ್ಟಿದ್ದಕ್ಕಲ್ಲ, ಆ ಕಾಫಿ ಕುಡಿದು ಎದ್ದು ಬಂದದ್ದಕ್ಕೆ.

ಸ್ಕೂಲಿಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು ಕೊಡೆಯ ಬಟ್ಟೆಯನ್ನು ಒಂದೊಂದೇ ಮಡಿಕೆ ಸರಿಮಾಡಿದರು.

"ಎಷ್ಟು ಜನಕ್ಕೆ ಕೊಟ್ಟಿದೀಯ ಇಂಥ ಕಾಲು?"

"ನೆನಪಿಲ್ಲ ಸಾರ್."

"ಅವರೆಲ್ಲ ಈಗ ರಸ್ತೆ ಮೇಲಿದಾರೆ. ಬ್ರೇಕ್ ತಾವೇ ಹಾಕ್ತಿದೀವಿ ಅನ್ಕೊಂಡು." ಕೊಡೆ ಪಕ್ಕಕ್ಕಿಟ್ಟರು. "ಆಯಮ್ಮಂಗೆ ನೀನು ಡ್ರೈವಿಂಗ್ ಕಲಿಸ್ಲಿಲ್ಲ ಕಣೋ ಪ್ರಕಾಶ. ನಿನ್ನ ಕಾಲಿಗೆ ಕಲಿಸ್ದೆ. ಹೋಗಿ ಹೇಳು. ಶುಕ್ರವಾರ ಗಾಡಿ ಹೋದ್ಮೇಲೆ ಹೇಳಿದ್ರೆ ಅದು ಬರೀ ಬಾಯಿ ಚಪಲ."

ಗುರುವಾರ ಬೆಳಿಗ್ಗೆ ಮತ್ತೆ ಹೋದೆ. ಗಿರಿಜಮ್ಮ ಒಲೆಯ ಮುಂದಿದ್ದರು, ಮಂಜುನಾಥ್ ಆಫೀಸಿಗೆ ಹೊರಟು ನಿಂತಿದ್ದರು. ಇಬ್ಬರ ಮುಂದೆಯೂ ಹೇಳಿದೆ. ಕಾರು ತಾನಾಗಿ ನಿಲ್ಲುತ್ತಿರಲಿಲ್ಲ, ನಾನು ನಿಲ್ಲಿಸುತ್ತಿದ್ದೆ. ಟೆಸ್ಟಿನ ದಿನವೂ ನಾನೇ.

ಹಂಚಿನ ಮೇಲಿದ್ದ ಒಬ್ಬಟ್ಟು ಸೀಯುವ ವಾಸನೆ ಬಂತು. ಆಕೆ ಅದನ್ನು ತೆಗೆಯಲಿಲ್ಲ.

"ಹದಿನೈದು ದಿನದಿಂದ ನನ್ನ ಕಾಲನ್ನ ನಾನೇ ಬೈಕೊಂಡ್ ಕೂತಿದೀನಿ," ಎಂದರು. "ಕುಯ್ದು ಬಿಸಾಕ್ಬೇಕು ಅನ್ನೋಷ್ಟು. ನೀವು ಮೊನ್ನೆ ಇಲ್ಲೇ ಕೂತು ಕಾಫಿ ಕುಡಿದ್ರಿ."

"ಹೌದಮ್ಮ."

"ನಂಗ್ ಹೇಳಿದ್ರೆ ಆಗ್ಲಿಲ್ಲ. ಮುನಿಯಪ್ಪಂಗೂ ಹೇಳ್ಬೇಕು. ಕೈ ಮುರಿದಿರೋದು ಅವನದು."

ಊಟದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಗವಿಪುರದಲ್ಲಿ ಮುನಿಯಪ್ಪ ಬಾಗಿಲ ಮುಂದೆ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಇಬ್ಬರು ಗುದ್ದಿದ್ದೀರ ಅನ್ನಿ ನಂಗೆ. ಪೊಲೀಸ್ನೋರು ಒಬ್ರದೇ ಹೆಸರು ಬರ್ಕೊಂಡ್ರು" ಎಂದ. ಡಬ್ಬಿ ತೆರೆದು ನೋಡಿ, "ಆಯಮ್ಮ ಗಾಡಿ ಬಿಟ್ಬಿಡ್ತಾರಂತೆ. ಬಿಡಬೇಡಿ ಅನ್ನಿ. ಸರಿಯಾಗ್ ಕಲೀಲಿ ಅನ್ನಿ. ಬಿಟ್ಬಿಟ್ರೆ ನನ್ನ ಕೈ ಸುಮ್ಸುಮ್ನೆ ಮುರಿದಂಗಾಯ್ತು" ಎಂದ.

ಈ ಮಾತನ್ನು ಹಾಗೆಯೇ ತಂದು ಒಪ್ಪಿಸಿದೆ. ಗಿರಿಜಮ್ಮ ದೇವರ ಗೂಡಿನ ಹತ್ತಿರ ಹೋಗಿ ಮೊಳೆಯಿಂದ ಕೀ ತೆಗೆದರು. ಆಫೀಸಿಗೆ ಹೋಗದೆ ಉಳಿದಿದ್ದ ಮಂಜುನಾಥ್ "ದೇವರ ಮುಂದೆ ಮಾತು ಕೊಟ್ಟಿದೀಯ" ಎಂದಾಗ, "ಕೊಡುವಾಗ ದೇವರಿಗೂ ನಿಜ ಗೊತ್ತಿರ್ಲಿಲ್ಲ ಬಿಡಿ" ಎಂದರು.

ಮತ್ತೆ ಪಾಠ ಶುರುವಾಯಿತು, ಈ ಸಲ ಅವರದೇ ವ್ಯಾನಿನಲ್ಲಿ. ಅದರಲ್ಲಿ ಎಡಗಡೆ ಪೆಡಲ್ ಇಲ್ಲ. ಆದರೂ ನನ್ನ ಕಾಲು ನೆಲ ಒತ್ತುತ್ತಿತ್ತು, ಅದು ಒತ್ತಿದ್ದು ಕಂಡರೆ ಅವರ ಕಾಲು ಮತ್ತೆ ಮಲಗುತ್ತಿತ್ತು. ಮೊದಲ ಇಳಿಜಾರಿಗೆ ಮುಂಚೆ ಗಾಡಿ ನಿಲ್ಲಿಸಿ ನನ್ನ ಕಡೆ ನೋಡಿದರು. "ಕಾಲು ಎತ್ತಿ ಮೇಲಿಡಿ ಸಾರ್."

"ಎಲ್ಲಿ?"

"ಸೀಟ್ ಮೇಲೆ. ಊಟಕ್ಕೆ ಕೂತ್ಕೋತೀರಲ್ಲ, ಹಂಗೆ."

ಚಕ್ಕಳಮಕ್ಕಳ ಹಾಕಿಕೊಂಡು ಕೂತೆ. ಹಿಂದೆ ಖಾಲಿ ತಗಡಿನ ಡಬ್ಬಗಳ ನಡುವೆ ಮಂಜುನಾಥ್ ಆಂಜನೇಯನನ್ನು ನೆನೆಯುತ್ತ ಕೂತಿದ್ದರು. ಗವಿಪುರದ ಅದೇ ಇಳಿಜಾರು. ಇಪ್ಪತ್ತು ಸಲ ಅಲ್ಲ, ಐದು ದಿನಗಳಲ್ಲಿ ಅರವತ್ತು ಸಲ ಇಳಿದಿರಬಹುದು. ಮೂರನೇ ದಿನ ಆಕೆಯ ಕಾಲು ನನಗಿಂತ ಮುಂಚೆ ಎದ್ದಿತು. ಶುಕ್ರವಾರ ವ್ಯಾನ್ ಕೊಳ್ಳಲು ಬಂದವನು ಯಾವಾಗಲೋ ವಾಪಸು ಹೋಗಿದ್ದ.

ಆಮೇಲೆ ಅದು ನಮ್ಮ ಸ್ಕೂಲಿನ ಪದ್ಧತಿಯಾಯಿತು. ಯಾರೇ ಕಲಿಯಲಿ, ಕೊನೆಯ ಒಂದು ವಾರ ಮೇಷ್ಟ್ರು ಕಾಲು ಮಡಿಚಿ ಕೂರಬೇಕು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು "ಏನ್ ಗುರು, ಪೂಜೆಗೆ ಕೂತಿದೀಯಾ?" ಎಂದು ಕೇಳುತ್ತಿದ್ದರು. ಟೆಸ್ಟಿನ ದಿನವೂ ಮಡಿಚಿಯೇ ಕೂರುತ್ತಿದ್ದೆ. ನಮ್ಮ ಸ್ಕೂಲಿನವರು ಜಾಸ್ತಿ ಫೇಲಾಗತೊಡಗಿದರು. ಯಜಮಾನರು, "ಆಗ್ಲಿ. ಇಲ್ಲೇ ಫೇಲಾಗ್ಲಿ" ಎಂದರು.

ಕೆಲ ವರ್ಷಗಳ ನಂತರ ಟೆಸ್ಟಿಗೂ ಯಂತ್ರ ಬಂತು. ನೆಲದಲ್ಲಿ ಸೆನ್ಸರ್, ಕಂಬದಲ್ಲಿ ಕ್ಯಾಮೆರಾ, ಒಳಗೆ ಕಲಿತವರೊಬ್ಬರೇ. ನಾನು ಖುಷಿಪಟ್ಟೆ. ಕಾಲು ಕೊಡುವ ಪದ್ಧತಿಯೇ ಸತ್ತಿತಲ್ಲ ಎಂದುಕೊಂಡೆ. ಯಂತ್ರದ ಮೇಲೆ ನನಗೆ ಹಗೆ ಇಲ್ಲ. ಪವರ್ ಸ್ಟೀರಿಂಗ್ ಇಪ್ಪತ್ತು ವರ್ಷ ಮುಂಚೆ ಬಂದಿದ್ದರೆ ನನ್ನ ಭುಜ ಉಳಿಯುತ್ತಿತ್ತು. ಆದರೆ ಜನ ಯಂತ್ರಕ್ಕೆ ತಕ್ಕಂತೆ ಕಲಿಯತೊಡಗಿದರು. ಮಲ್ಲೇಶ್ವರದ ಲೆಕ್ಚರರ್ ಒಬ್ಬರಿದ್ದರು. ಟೆಸ್ಟ್ ಟ್ರ್ಯಾಕನ್ನು ಪದ್ಯದಂತೆ ಬಾಯಿಪಾಠ ಮಾಡಿದ್ದರು. ಎರಡನೇ ಹಳದಿ ಕಂಬ ಭುಜದ ನೇರಕ್ಕೆ ಬಂದಾಗ ಸ್ಟೀರಿಂಗ್ ಒಂದೂವರೆ ಸುತ್ತು, ಹೀಗೆ. ಯಂತ್ರ ಪೂರ್ತಿ ಅಂಕ ಕೊಟ್ಟಿತು. ಮಾರನೇ ದಿನ ಚಾಮರಾಜಪೇಟೆಯ ಐದನೇ ಮೇನಿನಲ್ಲಿ ರಿವರ್ಸ್ ತೆಗೆಯಿರಿ ಎಂದರೆ ಕಿಟಕಿಯಿಂದ ಹೊರಗೆ ನೋಡಿ ಕೇಳಿದರು, "ಕಂಬ ಎಲ್ಲಿದೆ ಪ್ರಕಾಶ್?" ಕಂಬ ಇರಲಿಲ್ಲ. ಒಂದು ಹಸು ಇತ್ತು.

ನೆಲದ ಸೆನ್ಸರ್ ನೋಡುವುದು ಚಕ್ರ ಗೆರೆ ಮುಟ್ಟಿತೇ ಎಂದು. ಸೇವಂತಿಗೆ ಅಜ್ಜಿಯ ಕೈ ಆ ಟ್ರ್ಯಾಕಿನಲ್ಲಿ ಬರುವುದೇ ಇಲ್ಲ. ಯಜಮಾನರು ತೀರಿಕೊಳ್ಳುವ ಮುಂಚೆ ಒಮ್ಮೆ ಹೋಗಿ ಆ ಟ್ರ್ಯಾಕ್ ನೋಡಿ ಬಂದರು. "ಚೆನ್ನಾಗಿದೆ. ಗುಡಿಸಿ ಇಟ್ಟಿದಾರೆ. ಜನ ಮಾತ್ರ ಇಲ್ಲ" ಎಂದರು.

ಈಗ ಹೋದ ಭಾನುವಾರಕ್ಕೆ ಬರುತ್ತೇನೆ. ಒಂದು ಕಂಪನಿಯವರು ಬಸವನಗುಡಿಯ ಒಂದು ರಸ್ತೆಯನ್ನು ಬೆಳಿಗ್ಗೆ ಎರಡು ಗಂಟೆ ಬ್ಯಾರಿಕೇಡ್ ಹಾಕಿ ಮುಚ್ಚಿಸಿ, ತಮ್ಮ ಡ್ರೈವರ್ ಇಲ್ಲದ ಕಾರನ್ನು ಜನರಿಗೆ ತೋರಿಸಿದರು. ಆ ಕಾರುಗಳಿಗಾಗಿ ಅದೇ ರಸ್ತೆಯಲ್ಲಿ ಒಂದು ಪ್ರತ್ಯೇಕ ಲೇನ್ ಬಿಡಬೇಕೆಂಬ ಪ್ರಸ್ತಾಪವೂ ಇದೆಯಂತೆ. ಆ ರಸ್ತೆಯಲ್ಲಿ ಫುಟ್‌ಪಾತ್ ಅಗೆದು ಎಷ್ಟು ಕಾಲವಾಯಿತೋ, ನಡೆಯುವವರು ಈಗಲೇ ರಸ್ತೆಗಿಳಿದಿದ್ದಾರೆ. ಲೇನ್ ಬಿಟ್ಟರೆ ಅವರು ಎಲ್ಲಿಗೆ ಇಳಿಯಬೇಕೋ ಗೊತ್ತಿಲ್ಲ. ಹಳೆಯ ಡ್ರೈವಿಂಗ್ ಮೇಷ್ಟ್ರು, ಜೊತೆಗೆ ನಾಲ್ಕು ಜನ ಓದುವಂತೆ ಬರೆಯುವವನು ಎಂದು ನನ್ನನ್ನೂ ಕರೆದಿದ್ದರು. ಹೋದೆ.

ಹಿಂದಿನ ಸೀಟಿನಲ್ಲಿ ನಾನು, ಪಕ್ಕದಲ್ಲಿ ಕಂಪನಿಯ ಎಂಜಿನಿಯರ್, ಒಳ್ಳೆಯ ಹುಡುಗ, ಮಾತು ಮೃದು. ಸ್ಟೀರಿಂಗಿನ ಹಿಂದೆ ಒಬ್ಬರು ಕೈ ಕಟ್ಟಿ ಕೂತಿದ್ದರು. "ಅವರು ಸುಮ್ನೆ ಸಾರ್, ನಿಯಮಕ್ಕೋಸ್ಕರ. ಏನೂ ಮಾಡಲ್ಲ" ಎಂದ. ಕಾರು ಹೊರಟಿತು. ಸ್ಟೀರಿಂಗ್ ತಾನೇ ತಿರುಗುವುದನ್ನು ನೋಡಿ ನಿಜವಾಗಿ ಬೆರಗಾದೆ. ನನಗಿಂತ ನುಣುಪಾಗಿ ತಿರುಗಿಸಿತು. ನನ್ನ ಕಾಲು ಅದರ ಪಾಡಿಗೆ ನೆಲ ಒತ್ತುತ್ತಲೇ ಇತ್ತು.

ರಸ್ತೆಯ ಮಧ್ಯಕ್ಕೆ ಬಂದಾಗ ಬ್ಯಾರಿಕೇಡಿನ ಸಂದಿಯಿಂದ ಒಬ್ಬ ಹೆಂಗಸು ಹಾಲಿನ ಪ್ಯಾಕೆಟ್ ಹಿಡಿದು ಬಂದರು. ನಮ್ಮ ಕಡೆ ನೋಡಲಿಲ್ಲ. ಮೊಣಕೈ ಮಡಿಚಿ ಅಂಗೈ ಸ್ವಲ್ಪ ಎತ್ತಿ ರಸ್ತೆಗಿಳಿದರು. ಕಾರು ನಿಂತಿತು. ಆಕೆ ದಾಟಿದರು.

"ನೋಡಿದ್ರಾ ಸಾರ್?" ಎಂದ ಎಂಜಿನಿಯರ್. "ತಾನಾಗೇ ನಿಲ್ತು."

ಮುಂದೆ ಕೂತವರ ಪಾದ ನನಗೆ ಕಾಣಲಿಲ್ಲ. ಹಿಂದಿನ ಸೀಟಿನಿಂದ ಕಾಣುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೆ ಅವರ ಭುಜ ಕಂಡಿತು. ಬ್ರೇಕಿಗೆ ಕಾಲು ಹೋಗುವಾಗ ಭುಜ ಒಂದು ಎಳೆಯಷ್ಟು ಹಿಂದಕ್ಕೆ ಒರಗುತ್ತದೆ. ಒರಗಿದಂತೆ ಅನ್ನಿಸಿತು. ಅವರೇ ಒತ್ತಿದರು ಎಂದು ನಾನು ಪ್ರಮಾಣ ಮಾಡುವುದಿಲ್ಲ. ನನ್ನ ಕಾಲಿನ ಹಾಗೆ ಅವರದೂ ಸುಮ್ಮನೆ ಆಡಿರಬಹುದು, ಕಾರು ಅಷ್ಟರಲ್ಲಿ ತಾನೇ ನಿಂತೂ ಇರಬಹುದು. ಗೊತ್ತಿಲ್ಲ ಎನ್ನುವುದೇ ನನ್ನ ತಕರಾರು.

"ಇನ್ನೊಂದು ರೌಂಡ್ ಹೋಗೋಣ," ಎಂದೆ. "ಈ ಸಲ ಅವರು ಕಾಲು ಎತ್ತಿ ಸೀಟ್ ಮೇಲೆ ಮಡಚಿಕೊಂಡು ಕೂತ್ಕೊಳ್ಲಿ."

ಮುಂದಿನವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಎಂಜಿನಿಯರ್ ನಕ್ಕ. "ಹಂಗ್ ಮಾಡೋಕಾಗಲ್ಲ ಸಾರ್. ಸೇಫ್ಟಿ."

"ಏನೂ ಮಾಡಲ್ಲ ಅಂದ್ರಲ್ಲಪ್ಪ."

"ಮಾಡಲ್ಲ ಸಾರ್. ಆದ್ರೂ ಕಾಲು ಅಲ್ಲೇ ಇರ್ಬೇಕು."

"ಇರ್ಲಿ. ಇರೋದು ತಪ್ಪಲ್ಲ. ಇದೆ ಅಂತ ಬರೀರಿ. ಎಷ್ಟು ಸಲ ಒತ್ತಿತು ಅಂತಾನೂ ಬರೀರಿ."

ಇಳಿದ ಮೇಲೆ ಒಂದು ಕಾಗದ ಕೊಟ್ಟರು. ಪ್ರಯಾಣ ಎಷ್ಟು ಸುಖವಾಗಿತ್ತು ಎಂದು ಕೇಳಿ ಐದು ಮುಖಗಳ ಚಿತ್ರ, ಅಳುವುದರಿಂದ ನಗುವುದರವರೆಗೆ. ಕೆಳಗೆ ಒಂದು ಸಾಲು, 'ಕಾರು ಮನುಷ್ಯರ ಸಹಾಯವಿಲ್ಲದೆ ಓಡಿದ್ದನ್ನು ಕಣ್ಣಾರೆ ಕಂಡಿದ್ದೇನೆ', ಅದರ ಪಕ್ಕ ಸಹಿಗೆ ಜಾಗ. ಮುಖಗಳಲ್ಲಿ ನಗುವುದಕ್ಕೇ ಟಿಕ್ ಹಾಕಿದೆ, ಪ್ರಯಾಣ ಸುಖವಾಗಿಯೇ ಇತ್ತು. ಸಹಿಯ ಜಾಗದಲ್ಲಿ 'ಪಾದ ಕಾಣಲಿಲ್ಲ' ಎಂದು ಬರೆದು ಕೊಟ್ಟೆ. ಪಾದ ಮುಚ್ಚಿಟ್ಟು ಎಷ್ಟೋ ಜನರನ್ನು ಪಾಸು ಮಾಡಿಸಿದ್ದೇನೆ. ಇನ್ನೊಂದು ಸಲ ಆಗುವುದಿಲ್ಲ.

ಪವಿತ್ರ, ನಿನ್ನ ಕೆಲಸ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮಷೀನು ಕಲಿಯಬಹುದು, ಅಜ್ಜಿಯ ಕೈಯನ್ನೂ ಒಂದು ದಿನ ಓದಬಹುದು. ಬೇಡ ಎನ್ನಲು ನಾನ್ಯಾರು. ಆದರೆ ಕಲಿಯುವವರು ಯಾರೇ ಆಗಲಿ, ಮನುಷ್ಯರಾಗಲಿ ಯಂತ್ರವಾಗಲಿ, ಪಕ್ಕದಲ್ಲಿ ಕೂತವರು ಕಾಲು ಕೊಟ್ಟರೆ ಕೊಟ್ಟೆ ಎಂದು ಹೇಳಬೇಕು. ಮುಚ್ಚಿಟ್ಟರೆ ಕೈ ಮುರಿಯುವುದು ಎಳನೀರು ಮಾರುವವನದು. ಇದನ್ನು ಕಲಿಸುವ ಕೆಲಸ ಎಲ್ಲಿಗೂ ಹೋಗುವುದಿಲ್ಲ.

ಆ ಭಾನುವಾರ ಕಾಗದ ಕೊಟ್ಟು ಹೊರಗೆ ಬರುವಾಗ ಬ್ಯಾರಿಕೇಡಿನ ಆಚೆ ಒಂದು ವ್ಯಾನ್ ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಗಿರಿಜಮ್ಮ. ಈಗ ಕೂದಲು ಮುಕ್ಕಾಲು ಬಿಳಿ. ಅದೇ ರಸ್ತೆಯ ಒಂದು ಗೃಹಪ್ರವೇಶಕ್ಕೆ ಒಬ್ಬಟ್ಟು ತಲುಪಿಸಬೇಕಾಗಿತ್ತು.

"ಏನ್ ಸಾರ್ ಇದು, ಎಷ್ಟೊತ್ತು? ಡಬ್ಬದೊಳಗೆ ಒಬ್ಬಟ್ಟೆಲ್ಲ ಬೆವರ್ತಿದೆ. ಹತ್ತಿ, ಹಿಂದಿನ ರಸ್ತೆಯಿಂದ ಹೋಗಿ ಕೊಟ್ಬಿಟ್ಟು ನಿಮ್ಮನ್ನ ಮನೆಗೆ ಬಿಡ್ತೀನಿ."

ಹತ್ತಿ ಕೂತೆ. ಎರಡೂ ಕಾಲನ್ನು ಕೈಯಿಂದ ಹಿಡಿದು ಒಂದೊಂದಾಗಿ ಸೀಟಿನ ಮೇಲೆ ಎತ್ತಿಟ್ಟುಕೊಂಡೆ. ಮಂಡಿ ಕಿರುಗುಟ್ಟಿತು.

"ನೋವಿದ್ರೆ ಇಳಿಸಿ ಸಾರ್. ಇಷ್ಟು ವರ್ಷ ಆಯ್ತು, ಇನ್ನೂ ನಂಬಿಕೆ ಇಲ್ವಾ ನನ್ನ ಮೇಲೆ?"

"ನಿಮ್ಮ ಮೇಲಲ್ಲಮ್ಮ. ಈ ಕಾಲಿನ ಮೇಲೆ."

ತಿರುವಿನಲ್ಲಿ ಸ್ಕೂಟರ್ ಒಂದು ಅಡ್ಡ ಬಂತು. ಮಡಿಚಿಕೊಂಡಿದ್ದ ನನ್ನ ಬಲಗಾಲು ತೊಡೆಯ ಕೆಳಗೇ ಒಮ್ಮೆ ಜಗ್ಗಿತು. ಗಾಡಿ ಆಗಲೇ ನಿಂತಿತ್ತು. ಗಿರಿಜಮ್ಮ ಸ್ಕೂಟರಿನವನಿಗೆ ಕೈಯಾಡಿಸಿ, "ಹೋಗಪ್ಪ" ಎಂದರು.